ದನಿಯಿಲ್ಲದ ರೂಪಾಯಿ

ನಮ್ಮ ಮನೆಯಲ್ಲಿ ಒಂದು ಮಾತಿತ್ತು. ಪೇಟೆಯಿಂದ ತಂದ ಕೊಡೆ ಮೊದಲ ಮಳೆಗೇ ಬಣ್ಣ ಬಿಟ್ಟರೆ, ಸಂಬಂಧ ಕುದುರಿಸಲು ಬಂದವರು ಹೇಳಿದ ಗದ್ದೆ ತೋಟಗಳು ವಿಚಾರಿಸಿದಾಗ ಇಲ್ಲವೆಂದಾದರೆ, ಮಗ್ಗಿ ಕಲಿತಿದ್ದೇನೆಂದು ಹೇಳಿದ ನಾನು ಹದಿನೇಳರಲ್ಲಿ ತಡವರಿಸಿದರೆ, ಹಿರಿಯರು ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಿದ್ದರು: "ಅದು ಕೆಳಮನೆ ರೂಪಾಯಿ."

ಕೆಳಮನೆ ಎಂದರೆ ನಮ್ಮ ಬೆಟ್ಟುಗದ್ದೆಯ ಕೆಳಗೆ, ಬೈಲಿನ ಅಂಚಿನಲ್ಲಿದ್ದ ಒಕ್ಕಲಿನ ಮನೆ. ಉಡುಪಿಯಿಂದ ಕಾರ್ಕಳಕ್ಕೆ ಹೋಗುವವರು ಮಣಿಪಾಲ, ಪರ್ಕಳಗಳನ್ನು ದಾಟಿ ಹಿರಿಯಡ್ಕದ ಪೇಟೆಯನ್ನು ಮುಟ್ಟುತ್ತಾರಷ್ಟೆ. ಅಲ್ಲಿಂದ ನಮ್ಮ ಮನೆಗೆ ನಡೆದು ಹೋಗುವ ದಾರಿಯಲ್ಲಿ ಕೆಳಮನೆಯ ಅಂಗಳವನ್ನು ಹಾದೇ ಹೋಗಬೇಕು. ಆ ಮನೆಯ ಹುಡುಗನೂ ನಾನೂ ಒಂದೇ ತರಗತಿ. ಮೂರನೆಯ ಇಯತ್ತೆಯಲ್ಲಿದ್ದಾಗ ಅವನು ಕೊಟ್ಟ ಸ್ಲೇಟಿನ ಕಡ್ಡಿಯೊಂದು ಬರೆಯುವ ಮೊದಲೇ ಮುರಿದು ಹೋಯಿತು. "ಕೆಳಮನೆ ರೂಪಾಯಿ" ಎಂದು ನಾನು ನಕ್ಕೆ. ಅವನಿಗೆ ಅರ್ಥವಾಗಲಿಲ್ಲ. ಮೇಲಿನ ತರಗತಿಯಲ್ಲಿದ್ದ ಅವನ ಅಕ್ಕನಿಗೆ ಅರ್ಥವಾಯಿತೆಂದು ಅವಳ ಮುಖ ಕಂಡು ನನಗೆ ತಿಳಿಯಿತು. ಅವಳು ತಮ್ಮನ ಕೈ ಹಿಡಿದು ಎಳೆದುಕೊಂಡು ಹೋದಳು. ಈ ಬರಹಕ್ಕೆ ಅದೇ ಮೂಲವೆಂದರೂ ತಪ್ಪಲ್ಲ.

ಮಾತಿನ ಹಿಂದೆ ನಿಜವಾಗಿಯೂ ಒಂದು ರೂಪಾಯಿ ಇದೆಯೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಅಮ್ಮ ತೀರಿಕೊಂಡ ಮೇಲೆ ಒಡಹುಟ್ಟಿದವರೆಲ್ಲ ಕೂಡಿ ಮಾಳಿಗೆಯ ಹಲಸಿನ ಮರದ ಕಲೆಂಬಿಯನ್ನು ತೆರೆದೆವು. ತಾಮ್ರದ ಪಾತ್ರೆ, ಜರಿ ಕಪ್ಪಾದ ಸೀರೆ, ಗೆದ್ದಲು ತಿಂದ ಕಾಗದ ಪತ್ರಗಳ ಕೆಳಗೆ ಹದಿನೈದು ಬೆಳ್ಳಿ ರೂಪಾಯಿಗಳಿದ್ದವು. ದೀಪಾವಳಿಯ ಲಕ್ಷ್ಮೀಪೂಜೆಗೆ ಹೊರಗೆ ಬಂದು ಮತ್ತೆ ಒಳಗೆ ಹೋಗುತ್ತಿದ್ದವು ಅವೇ. ಬಹುಪಾಲು ಐದನೆಯ ಜಾರ್ಜನವು, ನಾಲ್ಕು ಕಿರೀಟವಿಲ್ಲದ ತಲೆಯ ಏಳನೆಯ ಎಡ್ವರ್ಡನವು. ಹದಿನಾರನೆಯದು ಮಾತ್ರ ಬೇರೆಯಾಗಿ, ಕೋರಾ ಬಟ್ಟೆಯ ಗಂಟಿನಲ್ಲಿತ್ತು. ಕಪ್ಪಗೆ, ಸವೆದು, ಅಂಚಿನಲ್ಲಿ ಉಳಿಯಿಂದ ಕಡಿದ ಒಂದು ಗಾಯ ಹೊತ್ತು. ಪಾಲು ಮಾಡುವಾಗ ಅಣ್ಣ ಅದನ್ನು ನನ್ನತ್ತ ತಳ್ಳಿ, "ಖೋಟಾ ನಿನಗಿರಲಿ, ನಿನಗೆ ನಾಣ್ಯಗಳ ಹುಚ್ಚು" ಎಂದ. ಹುಚ್ಚಿನ ಮಾತು ನಿಜವೇ.

ಹಳೆಯ ನಾಣ್ಯವೊಂದು ಕೈಗೆ ಬಂದಾಗ ಎರಡು ಪ್ರಶ್ನೆಗಳನ್ನು ಕೇಳಬೇಕು. ಇದು ನಿಜವೋ ಸುಳ್ಳೋ? ಇದರ ಸ್ಥಿತಿ ಹೇಗಿದೆ? ಇವೆರಡನ್ನು ಬೇರೆ ಬೇರೆಯಾಗಿ ಕೇಳಬೇಕೆಂದು ಅನುಭವಿಗಳು ಹೇಳುತ್ತಾರೆ. ತೀರ ಸವೆದ ನಾಣ್ಯ ನಿಜವಿರಬಹುದು, ಹೊಳೆಯುವ ನಾಣ್ಯ ಮೊನ್ನೆ ಎರಕ ಹೊಯ್ದದ್ದಿರಬಹುದು. ನಾನೂ ಹಾಗೆಯೇ ಶುರು ಮಾಡಿದೆ. ಆದರೆ ಈ ಒಂದು ರೂಪಾಯಿಯಲ್ಲಿ ಎರಡನೆಯ ಪ್ರಶ್ನೆಯ ಉತ್ತರವೇ ಮೊದಲನೆಯ ಪ್ರಶ್ನೆಯ ಗಂಟನ್ನು ಬಿಚ್ಚಿತು.

ನಾಣ್ಯದ ಮುಖದ ಮೇಲೆ ಕಿರೀಟ ತೊಟ್ಟ ರಾಣಿ, ಸುತ್ತ 'ವಿಕ್ಟೋರಿಯಾ ಕ್ವೀನ್' ಎಂಬ ಇಂಗ್ಲಿಷ್ ಅಕ್ಷರಗಳು. ಹಿಂಬದಿಯಲ್ಲಿ ಹೂಬಳ್ಳಿಯ ಚೌಕಟ್ಟಿನೊಳಗೆ 'ಒನ್ ರುಪೀ ಇಂಡಿಯಾ 1862'. ಹಿಂದಿನ ರೂಪಾಯಿಗಳ ಮೇಲೆ ಈಸ್ಟ್ ಇಂಡಿಯಾ ಕಂಪೆನಿಯ ಹೆಸರಿತ್ತು. 1858ರಲ್ಲಿ ಆಡಳಿತ ಕಂಪೆನಿಯಿಂದ ರಾಣಿಗೆ ಹೋಯಿತು. ಹೊಸ ಅಚ್ಚಿನ ರೂಪಾಯಿ ಬಂದದ್ದು 1862ರಲ್ಲಿ. ನಮ್ಮ ಕೆನರಾ ಜಿಲ್ಲೆ ಇಬ್ಭಾಗವಾಗಿ ಉತ್ತರದ ಪಾಲು ಮುಂಬಯಿ ಪ್ರಾಂತಕ್ಕೆ ಸೇರಿದ್ದೂ, ನಾವು ಮದ್ರಾಸಿನಲ್ಲೇ ಉಳಿದದ್ದೂ ಅದೇ ವರ್ಷ. ಇಸವಿಯನ್ನು ನಂಬಿ ಮೋಸ ಹೋಗಬಾರದು ಎಂಬುದಕ್ಕೂ ಇದೇ ಉದಾಹರಣೆ. ಟಂಕಸಾಲೆಯವರು 1862 ಎಂಬ ಅಂಕೆಯನ್ನೇ ಉಳಿಸಿಕೊಂಡು 1873ರ ತನಕ ರೂಪಾಯಿ ಮುದ್ರಿಸಿದರು. ನಿಜವಾದ ವರ್ಷಕ್ಕೆ ಗುರುತಾಗಿ ಕೆಲವದರಲ್ಲಿ ಸಣ್ಣ ಚುಕ್ಕೆಗಳನ್ನು ಇಟ್ಟರು. ಇಂದಿನ ಸಂಗ್ರಾಹಕರು ಭೂತಗನ್ನಡಿ ಹಿಡಿದು ಆ ಚುಕ್ಕೆಗಳನ್ನು ಎಣಿಸುತ್ತಾರೆ. ನಮ್ಮ ನಾಣ್ಯದಲ್ಲಿ ಎಣಿಸಲು ಏನೂ ಉಳಿದಿರಲಿಲ್ಲ.

ಬೆಳ್ಳಿಯ ರೂಪಾಯಿ ನಮ್ಮ ಸೀಮೆಗೆ ಬಹಳ ಹಳೆಯದಲ್ಲ. ಇಲ್ಲಿಂದ ಹೆಚ್ಚು ದೂರವಲ್ಲದ ಬಾರಕೂರಿನ ಗದ್ಯಾಣವನ್ನು ಶಾಸನಗಳು ಹೆಸರಿಸುತ್ತವೆ. ಆಳುಪರ ಚಿನ್ನದ ನಾಣ್ಯಗಳ ಮೇಲೆ ಜೋಡಿ ಮೀನುಗಳಿವೆ. ಅನಂತರ ಇಕ್ಕೇರಿಯ ವರಾಹ, ಹೈದರನ ಬಹದ್ದೂರಿ ವರಾಹ. ದೊಡ್ಡ ಲೆಕ್ಕವೆಲ್ಲ ಚಿನ್ನದಲ್ಲೇ. ಟಿಪ್ಪು ತನ್ನ ಬೆಳ್ಳಿ ರೂಪಾಯಿಗೆ ಇಮಾಮಿ ಎಂದೂ ಎರಡು ರೂಪಾಯಿಗೆ ಹೈದರಿ ಎಂದೂ ಹೆಸರಿಟ್ಟ. ಮದ್ರಾಸ್ ಪ್ರಾಂತದಲ್ಲಿ ವರಾಹವನ್ನು ಕೆಳಗಿಳಿಸಿ ರೂಪಾಯಿಯನ್ನು ಮುಖ್ಯ ನಾಣ್ಯವಾಗಿ ಮಾಡಿದ್ದು 1818ರಲ್ಲಿ. ಇಡೀ ಬ್ರಿಟಿಷ್ ಇಂಡಿಯಾಕ್ಕೆ ಒಂದೇ ರೂಪಾಯಿ ಬಂದದ್ದು 1835ರಲ್ಲಿ. ಅದರ ತೂಕ 180 ಗ್ರೇನು, ಅಂದರೆ 11.66 ಗ್ರಾಂ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ, ಒಂದು ಪಾಲು ಮಿಶ್ರಲೋಹ. ಅದೇ ತೂಕ ತೊಲವೂ ಆಯಿತು. ವೈದ್ಯರು ಕಷಾಯಕ್ಕೆ 'ಒಂದು ರೂಪಾಯಿ ತೂಕ ಶುಂಠಿ' ಎಂದು ಹೇಳುತ್ತಿದ್ದದ್ದನ್ನು ನಾನೇ ಕೇಳಿದ್ದೇನೆ. ರೂಪಾಯಿ ಹಣವೂ ಹೌದು, ತೂಕದ ಕಲ್ಲೂ ಹೌದು, ತೂತು ಮಾಡಿಯೋ ಕೊಂಡಿ ಹಚ್ಚಿಯೋ ದಾರ ಪೋಣಿಸಿದರೆ ಒಡವೆಯೂ ಹೌದು.

ಒಂದು ರೂಪಾಯಿ ಆಗ ಎಷ್ಟು ದೊಡ್ಡದು ಎಂಬುದಕ್ಕೆ ಉಡುಪಿಯದೇ ಒಂದು ಲೆಕ್ಕ ಕೊಡುತ್ತೇನೆ. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಬ್ಯಾಂಕು ತೆರೆದಾಗ ಮೊದಲ ದಿನದ ಸಂಗ್ರಹ 38 ರೂಪಾಯಿ 13 ಆಣೆ 2 ಪೈ. ಅದೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಗಿ ಬೆಳೆದು, 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ಲೀನವಾಯಿತು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಸ್ಥಾಪಕರು ಪಿಗ್ಮಿ ಠೇವಣಿ ಶುರು ಮಾಡಿದಾಗ ಮನೆಮನೆಗೆ ಹೋಗಿ ಸಂಗ್ರಹಿಸಿದ್ದು ದಿನಕ್ಕೆ ಎರಡಾಣೆ. ಎಂಟು ದಿನ ಎರಡೆರಡು ಆಣೆ ಉಳಿಸಿದರೆ ಒಂದು ರೂಪಾಯಿ.

ಇಂಥ ರೂಪಾಯಿಯನ್ನು ಅಂದಿನವರು ಪರೀಕ್ಷಿಸುತ್ತಿದ್ದದ್ದು ಕಿವಿಯಿಂದ. ಹೆಬ್ಬೆರಳ ಉಗುರಿನ ಮೇಲಿಟ್ಟು ಚಿಮ್ಮಿದರೆ, ಇಲ್ಲವೆ ಕಲ್ಲಿನ ಮೇಲೆ ಬೀಳಿಸಿದರೆ, ಒಳ್ಳೆಯ ರೂಪಾಯಿ ಗಂಟೆಯ ಹಾಗೆ ಒಂದು ಗಳಿಗೆ ನಾದ ಹಿಡಿದು ನಿಲ್ಲುತ್ತದೆ. ಸೀಸ ತವರದ ಕಳ್ಳನಾಣ್ಯ 'ಟಕ್' ಎಂದು ಸತ್ತುಹೋಗುತ್ತದೆ. ತೀರ್ವೆ ಕಟ್ಟಲು ಹೋದಾಗ ಖಜಾನೆಯ ಶರಾಫನು ರೂಪಾಯಿಗಳನ್ನು ಒಂದೊಂದಾಗಿ ಹೀಗೆ ಬಡಿದು ನೋಡಿ, ಖೋಟಾ ಕಂಡರೆ ಅಲ್ಲಿಯೇ ಕತ್ತರಿಸುತ್ತಿದ್ದ. ಕತ್ತರಿಸುವ ಅಧಿಕಾರವನ್ನು ಕಾಯಿದೆಯೇ ಕೊಟ್ಟಿತ್ತು. ನಾಲ್ಕು ಜನರ ಎದುರು ರೂಪಾಯಿ ಕತ್ತರಿಸಿಕೊಳ್ಳುವ ಅವಮಾನಕ್ಕೆ ನನ್ನ ಅಜ್ಜ ಬಹಳ ಹೆದರುತ್ತಿದ್ದರಂತೆ. ಮನೆಗೆ ಬಂದ ರೂಪಾಯಿಗಳನ್ನೆಲ್ಲ ಚಾವಡಿಯ ಕಲ್ಲಿನ ಮೇಲೆ ಬೀಳಿಸಿ ಕೇಳಿಯೇ ಒಳಗಿಡುವುದು ಅವರ ಪದ್ಧತಿ.

ನಾನೂ ಅದೇ ಕಲ್ಲಿನ ಮೇಲೆ ಹದಿನಾರನ್ನೂ ಬೀಳಿಸಿದೆ. ಹದಿನೈದು ಹಾಡಿದವು. ಗಂಟಿನದು 'ಟಕ್' ಎಂದಿತು. ಅಜ್ಜನ ಕಿವಿ ಸುಳ್ಳಾಗಿರಲಿಲ್ಲ.

ಹಾಗೆಂದು ಅಲ್ಲಿಗೇ ಬಿಡಲು ಮನಸ್ಸಾಗಲಿಲ್ಲ. ಮೊದಲು ತೂಕ. ಮಣಿಪಾಲದಲ್ಲಿ ಪ್ರಯೋಗಾಲಯವೊಂದರಲ್ಲಿದ್ದ ಮಿತ್ರರ ತಕ್ಕಡಿಯಲ್ಲಿ ಇಟ್ಟಾಗ 11.48 ಗ್ರಾಂ ಬಂತು. ಅಷ್ಟು ಸವೆದ ನಾಣ್ಯಕ್ಕೆ ಇದು ಸರಿಯಾದ ತೂಕವೇ. ಆದರೆ ತೂಕವನ್ನು ಯಾರೂ ಹೊಂದಿಸಬಹುದು. ಹೊಂದಿಸಲು ಕಷ್ಟವಾದದ್ದು ಸಾಂದ್ರತೆ. ಅದನ್ನು ನೋಡುವ ಉಪಾಯ ಸುಲಭ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಅಂಕೆಯನ್ನು ಸೊನ್ನೆಗೆ ತರಬೇಕು. ನಾಣ್ಯವನ್ನು ತೆಳ್ಳಗಿನ ನೂಲಿನಲ್ಲಿ ಕಟ್ಟಿ, ತಳಕ್ಕಾಗಲಿ ಬದಿಗಾಗಲಿ ತಾಗದಂತೆ ನೀರಿನಲ್ಲಿ ತೂಗಾಡಿಸಬೇಕು. ಆಗ ಕಾಣುವ ಅಂಕೆ ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. ನಮಗೆ ಬಂದದ್ದು 1.12 ಗ್ರಾಂ. 11.48ನ್ನು ಅದರಿಂದ ಭಾಗಿಸಿದರೆ 10.25. ರೂಪಾಯಿಯ ಬೆಳ್ಳಿಗೆ ಇರಬೇಕಾದದ್ದು 10.3ರ ಆಸುಪಾಸು. ತಾಮ್ರ, ನಿಕ್ಕಲ್, ಸತುಗಳನ್ನು ಕೂಡಿಸಿದ ಜರ್ಮನ್ ಸಿಲ್ವರ್ ಆಗಿದ್ದರೆ, ಹೆಸರಿಗೆ ಬೆಳ್ಳಿಯಾದರೂ, ಒಂಬತ್ತನ್ನೂ ಮುಟ್ಟುತ್ತಿರಲಿಲ್ಲ.

ಮಿತ್ರರು ನನ್ನ ಮುಖ ಅರಳಿದ್ದನ್ನು ಕಂಡು, "ಇನ್ನೂ ಸಂತೋಷಪಡಬೇಡಿ" ಎಂದರು. ಸೀಸದ ಸಾಂದ್ರತೆ 11.3, ತವರದ್ದು 7.3. ಲೆಕ್ಕ ಬಲ್ಲ ಕಳ್ಳನು ಎರಡನ್ನೂ ಹದವಾಗಿ ಬೆರೆಸಿ ಬೆಳ್ಳಿಯ ಅಂಕೆಗೇ ತಂದು ನಿಲ್ಲಿಸಬಹುದು. ದನಿಯಿಲ್ಲದಿರುವುದು ಆ ಅನುಮಾನವನ್ನೇ ಬೆಂಬಲಿಸುತ್ತದೆಯಲ್ಲ?

ಇನ್ನೂ ಒಂದು ತೊಡಕಿದೆ. ಬೆಳ್ಳಿಯ ಬೆಲೆ ಕುಸಿಯುತ್ತ ಹೋದದ್ದರಿಂದ ಸರಕಾರ 1893ರಲ್ಲಿ ಜನ ತಂದುಕೊಟ್ಟ ಬೆಳ್ಳಿಯನ್ನು ರೂಪಾಯಿ ಮಾಡಿಕೊಡುವುದನ್ನು ನಿಲ್ಲಿಸಿತು. ಆ ಮೇಲೆ ರೂಪಾಯಿಯ ಬೆಲೆ ಅದರೊಳಗಿನ ಬೆಳ್ಳಿಯ ಬೆಲೆಗಿಂತ ಹೆಚ್ಚಾಯಿತು. ಅಂದರೆ ಒಳ್ಳೆಯ ಬೆಳ್ಳಿಯಲ್ಲೇ ಖೋಟಾ ರೂಪಾಯಿ ಹೊಯ್ದರೂ ಲಾಭವೇ. ಬೆಳ್ಳಿ ಹೌದೆಂದಾದರೆ ರೂಪಾಯಿ ಹೌದೆಂದು ಆಗಲಿಲ್ಲ.

ಆದ್ದರಿಂದ ಭೂತಗನ್ನಡಿ ಹಿಡಿಯಬೇಕಾಯಿತು. ಟಂಕಸಾಲೆಯಲ್ಲಿ ಉಕ್ಕಿನ ಎರಡು ಅಚ್ಚುಗಳ ನಡುವೆ ಬಿಲ್ಲೆಯನ್ನು ಅದುಮುತ್ತಾರೆ. ಅಕ್ಷರಗಳ ಬದಿ ನೆಟ್ಟಗೆ ಎದ್ದಿರುತ್ತದೆ, ಅಕ್ಷರಗಳ ನಡುವಿನ ಬಯಲು ನುಣುಪಾಗಿರುತ್ತದೆ. ಕಳ್ಳನು ಸಾಮಾನ್ಯವಾಗಿ ನಿಜವಾದ ನಾಣ್ಯದಿಂದ ಮೂಸೆ ತೆಗೆದು ಎರಕ ಹೊಯ್ಯುತ್ತಾನೆ. ಆಗ ಅಕ್ಷರಗಳ ಬುಡ ಕರಗಿದ ಬೆಲ್ಲದಂತೆ ಮೊಂಡಾಗುತ್ತದೆ, ಗಾಳಿಗುಳ್ಳೆಗಳ ಸಣ್ಣ ಕುಳಿಗಳು ಬೀಳುತ್ತವೆ, ಮೂಸೆಯ ಎರಡು ಭಾಗ ಕೂಡಿದ ಗೆರೆ ಅಂಚಿನಲ್ಲಿ ಉಳಿಯುತ್ತದೆ. ಆ ಗೆರೆಯನ್ನು ಅರದಿಂದ ಉಜ್ಜಿದರೆ ಅಂಚಿನ ಗೀರುಗಳು ಅಲ್ಲಲ್ಲಿ ಕುಂಟುತ್ತವೆ. ಸಂಗ್ರಾಹಕ ಮಿತ್ರರೊಬ್ಬರಲ್ಲಿದ್ದ ಅದೇ ಅಚ್ಚಿನ ನಾಣ್ಯವನ್ನು ಪಕ್ಕದಲ್ಲಿಟ್ಟು ಒಂದು ಮಧ್ಯಾಹ್ನವಿಡೀ ನೋಡಿದೆ. ಗುಳ್ಳೆಯಿಲ್ಲ, ಕೂಡುಗೆರೆಯಿಲ್ಲ. ಅಂಚಿನ ಗೀರುಗಳು ಎರಡು ಜಾಗ ಬಿಟ್ಟು ಸುತ್ತಲೂ ಒಂದೇ ಸಮ. ಒಂದು, ಅಜ್ಜನ ಉಳಿಯ ಗಾಯ. ಇನ್ನೊಂದು, ರಾಣಿಯ ಕಿರೀಟದ ನೇರ ಮೇಲೆ, ಅಕ್ಕಿಕಾಳಿನಷ್ಟಗಲ ಬೂದುಬಣ್ಣದ ಒಂದು ಮೆತ್ತುಗೆ.

ಆ ಮೆತ್ತುಗೆಯನ್ನು ನಾನು ಕೊಳೆ ಎಂದು ತಿಳಿದಿದ್ದೆ. ತಿಕ್ಕಿ ತೆಗೆಯಲಿಲ್ಲ. ಹಳೆಯ ನಾಣ್ಯವನ್ನು ತೊಳೆಯಬಾರದೆಂಬುದು ನಾಣ್ಯ ಕೂಡಿಸುವವರ ಮೊದಲ ಪಾಠ. ನಮ್ಮ ಕಡೆ ಬೆಳ್ಳಿ ಕಂಡರೆ ಹುಣಸೆಹುಳಿ, ಬೂದಿ ಹಿಡಿದು ತಿಕ್ಕುವುದೇ ವಾಡಿಕೆ. ಹಾಗೆ ತಿಕ್ಕಿದ ನಾಣ್ಯ ಕನ್ನಡಿಯಂತೆ ಹೊಳೆದರೂ ಮೈತುಂಬ ಕೂದಲೆಳೆಯ ಗೀರುಗಳಾಗಿ ಬೆಲೆ ಅರ್ಧಕ್ಕೆ ಇಳಿಯುತ್ತದೆ. ಕಡಲ ಗಾಳಿ, ನಾಲ್ಕು ತಿಂಗಳ ಮಳೆ, ಕಲೆಂಬಿಯ ಕತ್ತಲೆ ಸೇರಿ ನೂರು ವರ್ಷದಲ್ಲಿ ಹಚ್ಚಿದ ಆ ಕಪ್ಪು ಲೇಪ ನಾಣ್ಯದ ಚರ್ಮವಿದ್ದ ಹಾಗೆ. ಈ ಮಾತನ್ನು ನಾನು ಕಂಡಕಂಡವರಿಗೆಲ್ಲ ಹೇಳುತ್ತ ಬಂದವನು. ಮುಂದೆ ಇದು ಬೇಕಾಗುತ್ತದೆ, ನೆನಪಿರಲಿ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ನಾಣ್ಯಗಳ ಹುಚ್ಚಿದೆಯೆಂದು ತಿಳಿದ ಮೇಲೆ ನನ್ನ ಬಳಿಗೆ ಬಂದವರಲ್ಲಿ ಹೆಚ್ಚಿನವರು ತಂದದ್ದು ರಾಮ, ಸೀತೆ, ಹನುಮಂತರಿರುವ, 1818 ಎಂದೋ 1616 ಎಂದೋ ಬರೆದ 'ಕಂಪೆನಿ ನಾಣ್ಯ'ಗಳನ್ನು. ಅಕ್ಕಿಯನ್ನು ಸೆಳೆಯುತ್ತದೆ, ಕೋಟಿ ಬೆಲೆಬಾಳುತ್ತದೆ ಎಂದು ಯಾರೋ ನಂಬಿಸಿರುತ್ತಾರೆ. ಕಂಪೆನಿ ಅಂಥ ನಾಣ್ಯವನ್ನು ಎಂದೂ ಹೊರಡಿಸಲಿಲ್ಲ. ಅವು ದೇವಸ್ಥಾನದ ಬೀದಿಯಲ್ಲಿ ಮಾರಿದ ಬಿಲ್ಲೆಗಳು. ಅದಕ್ಕಾಗಿ ಮನೆ ಅಡವಿಟ್ಟವರೂ ಇದ್ದಾರೆ. ಇನ್ನು ನಿಜವಾಗಿಯೂ ವಿರಳವಾದ 1939ರ ಆರನೆಯ ಜಾರ್ಜನ ರೂಪಾಯಿ ಎಂದು ತರುವುದು ಬಹುಮಟ್ಟಿಗೆ 1938ರದನ್ನೇ. ಎಂಟನ್ನು ಕೆತ್ತಿ ಒಂಬತ್ತು ಮಾಡಿರುತ್ತಾರೆ. ಹಳೆಯದಾದಷ್ಟೂ ಬೆಲೆ ಎಂಬ ನಂಬಿಕೆಯೂ ಸರಿಯಲ್ಲ. 1911ರ ರೂಪಾಯಿಯನ್ನು ಜನ ಹುಡುಕುವುದು ಅದರ ವಯಸ್ಸಿಗಲ್ಲ. ದೊರೆಯ ನಿಲುವಂಗಿಯ ಮೇಲಿದ್ದ ಆನೆ ಹಂದಿಯಂತೆ ಕಂಡು ಗಲಾಟೆಯಾಗಿ, ಮರುವರ್ಷವೇ ಆನೆಯನ್ನು ತಿದ್ದಿ ಹೊಸ ಅಚ್ಚು ಮಾಡಿದರು, ಅದಕ್ಕೆ.

ನಮ್ಮ ರೂಪಾಯಿಗೆ ಹಿಂತಿರುಗುವ. ಹಿರಿಯಡ್ಕದ ಪೇಟೆಯಲ್ಲಿ ಮೂರು ತಲೆಮಾರಿನಿಂದ ಚಿನ್ನದ ಕೆಲಸ ಮಾಡುವ ಮನೆತನದ ಆಚಾರ್ಯರೊಬ್ಬರಿದ್ದಾರೆ. ಈಗ ಕಣ್ಣು ಮಂಜಾಗಿ ಕೆಲಸ ಬಿಟ್ಟಿದ್ದಾರೆ, ಅಂಗಡಿಯಲ್ಲಿ ಕುಳಿತುಕೊಳ್ಳುವುದನ್ನು ಬಿಟ್ಟಿಲ್ಲ. ನಾಣ್ಯವನ್ನು ಅವರ ಅಂಗೈಯಲ್ಲಿಟ್ಟೆ. ಅವರು ನೋಡಲಿಲ್ಲ. ಹೆಬ್ಬೆರಳನ್ನು ಅಂಚಿನ ಸುತ್ತ ಒಮ್ಮೆ ತಿರುಗಿಸಿದರು, ಆ ಮೆತ್ತುಗೆಯ ಮೇಲೆ ನಿಲ್ಲಿಸಿದರು.

"ಇದಕ್ಕೆ ಕೊಂಡಿ ಇತ್ತಲ್ಲ ಮಾರಾಯ್ರೆ" ಎಂದರು.

"ದನಿಯೇ ಇಲ್ಲವಲ್ಲ?"

"ದನಿ ಹೇಗೆ ಬರ್ತದೆ? ಗಂಟೆಗೆ ಬೆರಳು ಒತ್ತಿ ಹಿಡಿದು ಬಾರಿಸಿದರೆ ದನಿ ಬರ್ತದಾ? ಇದು ಸೀಸದ ಬೆಸುಗೆ. ಕೊಂಡಿ ಕಿತ್ತಿದ್ದಾರೆ, ಬೆಸುಗೆ ಕಚ್ಚಿಕೊಂಡು ಕೂತಿದೆ. ಮೇಲಿಂದ ನಿಮ್ಮವರು ಯಾರೋ ಉಳಿ ಹಾಕಿದ್ದಾರೆ."

ಉಳಿಯ ಗಾಯವನ್ನು ಅವರ ಮಗ ಒರೆಸಿ ಬೆಳಕಿಗೆ ಹಿಡಿದ. ಬೆಳ್ಳಿಯ ಹೊದಿಕೆ ಹಾಕಿದ ತಾಮ್ರದ ನಾಣ್ಯವಾಗಿದ್ದರೆ ಗಾಯದ ಆಳದಲ್ಲಿ ಕೆಂಪು ಕಾಣಬೇಕು. ಕಾಣಲಿಲ್ಲ. ತುದಿಯಿಂದ ತಳದ ತನಕ ಒಂದೇ ಬಿಳುಪು. ಗಾಯದ ಅಂಚನ್ನು ಒರೆಗಲ್ಲಿನ ಮೇಲೆ ಗೀರಿ, ಗೀರಿನ ಮೇಲೆ ನೈಟ್ರಿಕ್ ಆಮ್ಲದ ಒಂದು ಹನಿ ಬಿಟ್ಟರು, ಅದರ ಮೇಲೆ ಉಪ್ಪುನೀರು. ಹಾಲು ಒಡೆದಂತೆ ಬಿಳಿಯಾಯಿತು. ಸೀಸವೂ ಹೀಗೆ ಬಿಳಿಯಾಗುವುದುಂಟು. ಆದರೆ ಬೆಳ್ಳಿಯದಾದರೆ ಬಿಸಿಲಿಗಿಟ್ಟಾಗ ಬಣ್ಣ ತಿರುಗುತ್ತದೆ. ಕಲ್ಲನ್ನು ಅಂಗಡಿಯ ಮೆಟ್ಟಿಲ ಮೇಲೆ ಇಟ್ಟು ನಾವು ಚಹಾ ಕುಡಿದೆವು. ಲೋಟ ಕೆಳಗಿಡುವಷ್ಟರಲ್ಲಿ ಆ ಬಿಳಿ ಕಲೆ ನೇರಳೆಗೆ ತಿರುಗಿತ್ತು.

ಆಚಾರ್ಯರು ಇನ್ನೊಂದು ಮಾತು ಹೇಳಿದರು. ನಾಣ್ಯಕ್ಕೆ ಕೊಂಡಿ ಹಚ್ಚಲು ಅಕ್ಕಸಾಲಿಗರ ಬಳಿಗೆ ಬಂದರೆ ಅವರು ಬೆಳ್ಳಿಯ ಬೆಸುಗೆಯನ್ನೇ ಹಾಕುತ್ತಾರೆ, ಅದು ಇಷ್ಟು ದನಿ ಕೆಡಿಸುವುದಿಲ್ಲ. ಸೀಸದ ಬೆಸುಗೆ ಹಾಕುವವರು ಊರೂರು ತಿರುಗಿ ಪಾತ್ರೆಗೆ ಕಲಾಯಿ ಹಚ್ಚುವವರು. ಅಕ್ಕಸಾಲಿಗನಿಗೆ ಕೊಡಲು ಮಜೂರಿ ಇಲ್ಲದವರು ಅಂಗಳಕ್ಕೆ ಬಂದ ಕಲಾಯಿಯವನಿಂದ ಮಾಡಿಸಿಕೊಂಡ ಕೆಲಸ ಇದು.

ಮನೆಗೆ ಬಂದು ಸ್ಥಿತಿಯನ್ನು ಮತ್ತೆ ನೋಡಿದೆ, ಈ ಸಲ ಬೇರೆ ಕಣ್ಣಿನಿಂದ. ಕೈಯಿಂದ ಕೈಗೆ ಓಡಾಡಿದ ರೂಪಾಯಿಯಲ್ಲಿ ಎತ್ತರದ ಜಾಗಗಳು ಮೊದಲು ಸವೆಯುತ್ತವೆ: ರಾಣಿಯ ಕಿವಿಯ ಮೇಲಿನ ಕೂದಲು, ಕಿರೀಟದ ಮಣಿಗಳು, ಉಡುಪಿನ ಹೂವುಗಳು. ಎರಡೂ ಮುಖಗಳು ಹೆಚ್ಚು ಕಡಿಮೆ ಸಮನಾಗಿ ಸವೆಯುತ್ತವೆ. ಇದರಲ್ಲಿ ರಾಣಿಯ ಉಡುಪಿನ ಹೂವು ಅಷ್ಟಿಷ್ಟು ಉಳಿದಿತ್ತು. ಹಿಂಬದಿಯ ಹೂಬಳ್ಳಿ ಮಾತ್ರ ನುಣ್ಣಗೆ ಅಳಿಸಿಹೋಗಿ 'ಒನ್ ರುಪೀ' ಎಂಬುದು ನೆರಳಿನಂತಿತ್ತು. ಒಂದೇ ಬದಿ ಸವೆಯುವುದು ನಾಣ್ಯ ಬಹಳ ಕಾಲ ಒಂದೇ ಬದಿಯನ್ನು ಯಾವುದಕ್ಕಾದರೂ ತಾಗಿಸಿಕೊಂಡಿದ್ದಾಗ. ಆ ಬದಿ ಯಾರದೋ ಎದೆಗೆ ತಾಗಿಕೊಂಡಿತ್ತು. ಬೆವರು, ಬಟ್ಟೆ, ಗದ್ದೆಯ ಕೆಲಸ. ಹತ್ತಿಪ್ಪತ್ತು ವರ್ಷವಾದರೂ ಬೇಕು ಇಷ್ಟು ಸವೆಯಲು.

ಸಂಗ್ರಾಹಕರ ಲೆಕ್ಕದಲ್ಲಿ ಬೆಸುಗೆ ಹತ್ತಿದ, ಕಡಿದ, ಒಂದು ಬದಿ ಅಳಿಸಿದ ಈ ನಾಣ್ಯಕ್ಕೆ ದರ್ಜೆಯೇ ಇಲ್ಲ. 'ಫೈನ್' ಎಂಬ ಮೆಟ್ಟಿಲನ್ನೂ ಹತ್ತುವುದಿಲ್ಲ. ಕೊಳ್ಳುವವರು ಬೆಳ್ಳಿಯ ತೂಕಕ್ಕೆ ಕೊಳ್ಳುತ್ತಾರೆ.

ಗೆದ್ದಲು ಬಿಟ್ಟ ಕಾಗದಗಳಲ್ಲಿ ಅಜ್ಜನ ಗೇಣಿ ಲೆಕ್ಕದ ಪುಸ್ತಕವೂ ಇತ್ತು. ಕೆಳಮನೆಯವರು ಚಾಲಗೇಣಿ ಒಕ್ಕಲು. ಮೂಲಗೇಣಿಯವರಿಗಿದ್ದ ಶಾಶ್ವತ ಹಕ್ಕು ಅವರಿಗಿಲ್ಲ, ಧಣಿ ಬಿಡು ಎಂದರೆ ಗದ್ದೆ ಬಿಡಬೇಕು. ಗೇಣಿ ಅಕ್ಕಿಯ ಮುಡಿಗಳಲ್ಲಿ, ಹಳೆಯ ಬಾಕಿ ನಗದಿನಲ್ಲಿ. 1934ರ ಪುಟದಲ್ಲಿ ಅಜ್ಜನ ದುಂಡು ಅಕ್ಷರದಲ್ಲಿ ಹೀಗಿದೆ: ಕೆಳಮನೆ ಬಾಕಿ ಬಾಬ್ತು ಬಂದದ್ದು ರೂ. 7. ಅದರಲ್ಲಿ ಖೋಟಾ 1. ಜಮೆ 6. ಬಾಕಿ 1. ಜಗತ್ತಿನಲ್ಲೆಲ್ಲ ಬೆಲೆಗಳು ಕುಸಿದಿದ್ದ ಕಾಲ ಅದು. ಅಕ್ಕಿ ಮಾರಿದರೆ ಕಾಸು ಹುಟ್ಟದು. ನಾಡಿನ ಹೆಂಗಸರ ಮೈಮೇಲಿನ ಬಂಗಾರ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿದ್ದದ್ದು 1931ರಿಂದ ಆಚೆಗೆ. ಬಂಗಾರವಿಲ್ಲದವರು ಏನನ್ನು ಬಿಚ್ಚಿಕೊಟ್ಟರು ಎಂಬುದು ಯಾವ ಲೆಕ್ಕದಲ್ಲೂ ಸಿಗುವುದಿಲ್ಲ.

ಅಜ್ಜನ ಪರವಾಗಿ ಹೇಳಬೇಕಾದದ್ದನ್ನೂ ಹೇಳುತ್ತೇನೆ. 1906ರ ನಾಣ್ಯ ಕಾಯಿದೆಯಂತೆ ವಿರೂಪಗೊಳಿಸಿದ ರೂಪಾಯಿಯನ್ನು ಯಾರೂ ಒಪ್ಪಿಕೊಳ್ಳಬೇಕಾಗಿಲ್ಲ, ಶೇಕಡಾ ಎರಡಕ್ಕಿಂತ ಹೆಚ್ಚು ತೂಕ ಕಳೆದುಕೊಂಡದ್ದನ್ನೂ ಒಪ್ಪಬೇಕಾಗಿಲ್ಲ. ತೂಕ ಸರಿಯಿತ್ತು, ಬೆಸುಗೆಯಿತ್ತು. "ಇದು ನನಗೆ ಬೇಡ" ಎಂದು ಅವರು ಹಿಂದಕ್ಕೆ ಕೊಡಬಹುದಿತ್ತು. ಕೊಟ್ಟಿದ್ದರೆ ಆ ಮನುಷ್ಯ ಪೇಟೆಗೆ ನಡೆದು, ಅಕ್ಕಸಾಲಿಗನಿಗೆ ಬೆಳ್ಳಿಯ ಬೆಲೆಗಾದರೂ ಮಾರುತ್ತಿದ್ದ. ಅಜ್ಜ ಹಾಗೆ ಮಾಡಲಿಲ್ಲ. ಸರಕಾರದ ಶರಾಫನಂತೆ ಉಳಿ ತೆಗೆದುಕೊಂಡು ಕಡಿದರು, ಕಡಿದದ್ದನ್ನು ತಾವೇ ಇಟ್ಟುಕೊಂಡರು, ಒಂದು ರೂಪಾಯಿಯನ್ನು ಬಾಕಿಯಲ್ಲೂ ಬರೆದರು. ಕಡಿದ ಮೇಲೆ ಗಾಯದ ಒಳಗೆ ನೋಡಿದರೋ ಇಲ್ಲವೋ. ಆ ಒಂದು ರೂಪಾಯಿ ಪುಟದಿಂದ ಪುಟಕ್ಕೆ, 1940ರ ತನಕ ಆರು ವರ್ಷ ಸಾಗಿದೆ. 1935ರ ಪುಟದಲ್ಲಿ ಕೆಳಮನೆಯವರ ಹೆಸರಿನಿಂದ ಒಂದು ಮಜಲುಗದ್ದೆ ಕಡಿಮೆಯಾಗಿ ಬೇರೆಯವರ ಹೆಸರಿಗೆ ಹೋಗಿದೆ. ಕಾರಣ ಬರೆದಿಲ್ಲ. ಮನೆಯ ಮಾತು ಹುಟ್ಟಿದ್ದು ಆ ಹೊತ್ತಿಗೇ ಇರಬೇಕು. 1941ರಲ್ಲಿ ಸರಕಾರವೇ ವಿಕ್ಟೋರಿಯಾ ರಾಣಿಯ ರೂಪಾಯಿಗಳನ್ನೆಲ್ಲ ಚಲಾವಣೆಯಿಂದ ತೆಗೆಯಿತು, ಮರುವರ್ಷ ಎಡ್ವರ್ಡನವನ್ನು, 1943ರಲ್ಲಿ ಜಾರ್ಜನವನ್ನು. ಮಾತು ಮಾತ್ರ ಚಲಾವಣೆಯಲ್ಲಿ ಉಳಿಯಿತು. 1974ರ ಭೂಸುಧಾರಣೆಯಲ್ಲಿ ಕೆಳಮನೆಯವರು ಡಿಕ್ಲರೇಶನ್ ಕೊಟ್ಟು ಉಳಿದ ಗದ್ದೆ ಅವರದಾದಾಗ ನಮ್ಮ ಚಾವಡಿಯಲ್ಲಿ ಅದನ್ನು ಇನ್ನಷ್ಟು ಜೋರಾಗಿ ಆಡಿದರು.

ನನ್ನ ಸಹಪಾಠಿ ಈಗಿಲ್ಲ. ಅವನ ಅಕ್ಕ ಇದ್ದಾರೆ, ಗಂಡ ತೀರಿಕೊಂಡ ಮೇಲೆ ತವರಿಗೇ ಬಂದು ನೆಲೆಸಿದ್ದಾರೆ. ಒಂದು ಸಂಜೆ ಹೋದೆ. ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದರು. ತುಳುವಿನಲ್ಲಿ ನಡೆದ ಮಾತನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಶಾಲೆಯ ಕಡ್ಡಿಯ ಸಂಗತಿಯಿಂದ ಶುರು ಮಾಡೋಣವೆಂದು ಹೊರಟವನಿಗೆ ನಾಲಿಗೆ ಏಳಲಿಲ್ಲ. ನೇರ ನಾಣ್ಯವನ್ನೇ ಕೈಗೆ ಕೊಟ್ಟೆ. ತೂಕ, ನೀರು, ಬೆಸುಗೆ, ನೇರಳೆ ಕಲೆ ಎಲ್ಲವನ್ನೂ ಹೇಳಿದೆ. ಲೆಕ್ಕದ ಪುಸ್ತಕದ ವಿಷಯವನ್ನೂ ಮುಚ್ಚಿಡಲಿಲ್ಲ.

ಅವರು ಬಹಳ ಹೊತ್ತು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಅಜ್ಜಿಯ ಕೊರಳಲ್ಲಿ ನಾನು ನೋಡಿದ್ದು ಕರಿಮಣಿಯ ಒಂದು ಎಳೆ ಮಾತ್ರ" ಎಂದರು. "ರಾಣಿ ರೂಪಾಯಿ ಇತ್ತು ಅಂತ ಅಮ್ಮ ಹೇಳುತ್ತಿದ್ದಳು. ಎಲ್ಲಿ ಹೋಯಿತು ಅಂದರೆ, ಧಣಿಗಳ ಮನೆಗೆ ಹೋಯಿತು ಅನ್ನುತ್ತಿದ್ದಳು. ಇದೇ ಅದು ಅಂತ ನಾನು ಹೇಗೆ ಹೇಳಲಿ?"

"ನಾನೂ ಹೇಳಲಾರೆ ಅಕ್ಕ. ಕೆಳಮನೆಯಿಂದ ಬಂದದ್ದು, ಕೊರಳಲ್ಲಿದ್ದದ್ದು, ಖೋಟಾ ಅಲ್ಲ. ಇಷ್ಟು ಹೇಳಬಲ್ಲೆ."

"ಹಾಗಾದರೆ ಆ ಒಂದು ರೂಪಾಯಿ ಬಾಕಿ?"

ಅವರು ತಮಾಷೆಗೆ ಕೇಳಿದರೋ ನಿಜಕ್ಕೇ ಕೇಳಿದರೋ ತಿಳಿಯಲಿಲ್ಲ. ನನ್ನ ಬಳಿ ಉತ್ತರವೂ ಇರಲಿಲ್ಲ. ಹೊತ್ತಾಯಿತು, ಚಹಾ ಮಾಡುತ್ತೇನೆ, ಕೂತಿರಿ ಎಂದು ಒಳಗೆ ಹೋದರು. ನಾಣ್ಯವೂ ಅವರ ಮುಷ್ಟಿಯಲ್ಲೇ ಹೋಯಿತು. ನಾನು ಜಗಲಿಯಲ್ಲಿ ಕುಳಿತು ನಮ್ಮ ಮನೆಯ ಬೆಟ್ಟನ್ನು ಕೆಳಗಿನಿಂದ ನೋಡುತ್ತಿದ್ದೆ. ಆ ಕಡೆಯಿಂದ ಅದನ್ನು ನಾನು ಕುಳಿತು ನೋಡಿದ್ದು ಅದೇ ಮೊದಲು.

ಹಿತ್ತಿಲ ಕಡೆಯಿಂದ ಪಾತ್ರೆ ಉಜ್ಜುವ ಸದ್ದು ಕೇಳಿ ಅನುಮಾನ ಬಂದು ಎದ್ದು ಹೋದೆ. ಬಾವಿಕಟ್ಟೆಯ ಬಳಿ ಕುಕ್ಕರಗಾಲಿನಲ್ಲಿ ಕುಳಿತು, ಹುಣಸೆಹುಳಿಯ ಮುದ್ದೆ, ಒಲೆಯ ಬೂದಿ, ತೆಂಗಿನ ನಾರು ಹಿಡಿದು, ಅವರು ಆ ರೂಪಾಯಿಯನ್ನು ಬಲವಾಗಿ ತಿಕ್ಕುತ್ತಿದ್ದರು. ನೂರು ವರ್ಷದ ಕಪ್ಪು ಬೆರಳುಗಳ ನಡುವಿನಿಂದ ಇಳಿದು ಹೋಗುತ್ತಿತ್ತು. ಬೇಡ ಎಂದು ಬಾಯಿ ತೆರೆದವನು ಸುಮ್ಮನಾದೆ. ಒಂದು ಚೊಂಬು ನೀರು ಹೊಯ್ದು, ಸೆರಗಿನಲ್ಲಿ ಒರೆಸಿ, ಮುಳುಗುತ್ತಿದ್ದ ಬಿಸಿಲಿಗೆ ಹಿಡಿದರು.

"ನೋಡಿ" ಎಂದರು, "ಬೆಳ್ಳಿಯೇ."